ಹುಲ್ಲು ಹೊಡೆಯುವ ಮಷಿನ್: ಎಂಜಿನ್ ಬದಲಿಸಬೇಕಾ, ಬಿಚ್ಚಿ ನೋಡಬೇಕಾ?

ಅಡ್ಮಿನ್: ಮಳೆಗಾಲದ ಹುಲ್ಲು ಎದ್ದಿದೆ, ವೀಡ್ ಕಟರ್ ಪ್ರಶ್ನೆಗಳೂ ಎದ್ದಿವೆ. ತೀರ್ಥಹಳ್ಳಿ ಕಡೆ ಸಣ್ಣ ಎಂಜಿನ್ ರಿಪೇರಿ ಮಾಡುವ ನಮ್ಮ ಮೆಕ್ಯಾನಿಕ್ ಅಣ್ಣ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಟೂ ಸ್ಟ್ರೋಕಾ (ಪೆಟ್ರೋಲಿಗೇ ಆಯಿಲ್ ಬೆರೆಸುವುದು), ಫೋರ್ ಸ್ಟ್ರೋಕಾ (ಆಯಿಲ್ ಬೇರೆ ಹಾಕುವುದು) ಎಂದು ಬರೆಯಿರಿ. ಫಾರ್ವರ್ಡ್ ಬೇಡ.

ಸಾಗರ ತೋಟ: ಅಣ್ಣ, ನಮ್ಮದು 52 ಸಿಸಿ ಟೂ ಸ್ಟ್ರೋಕ್. ಹೋದ ವರ್ಷ ಸೀಜ್ ಆಯಿತು, ಪಿಸ್ಟನ್ ಹಿಡಿದುಕೊಂಡಿತು. ಬೋರ್ (ಸಿಲಿಂಡರ್) ಮತ್ತು ಪಿಸ್ಟನ್ ಮಾತ್ರ ಬೇಡ, ಪೂರ್ತಿ ಎಂಜಿನ್ನೇ ಹಾಕಿಸಿ ಎಂದರು ಅಂಗಡಿಯವರು. ಹಾಕಿಸಿದೆ. ಈ ವರ್ಷ ಅದೂ ಹಿಡಿದುಕೊಂಡಿದೆ. ಮೂರನೇ ಎಂಜಿನ್ ಹಾಕಿಸಲಾ, ಗುಜರಿಗೆ ಕೊಡಲಾ? ಆಯಿಲ್ ಅಳತೆ ಮಾಡಿಯೇ ಹಾಕುತ್ತೇವೆ.

ಮೆಕ್ಯಾನಿಕ್: ತಡೆಯಿರಿ, ಏನನ್ನೂ ಕೊಳ್ಳಬೇಡಿ. ಪೆಟ್ರೋಲ್ ಯಾವಾಗ ತಂದಿದ್ದು? ಎಲ್ಲಿ ಇಟ್ಟಿದ್ದು? ಸೈಲೆನ್ಸರ್ ಬಿಚ್ಚಿ, ಆ ತೂತಿನಿಂದ ಟಾರ್ಚ್ ಬಿಟ್ಟು ಪಿಸ್ಟನ್ ಫೋಟೋ ತೆಗೆದು ಹಾಕಿ. ಕಾರ್ಬೊರೇಟರ್ ಕಡೆಯಿಂದಲೂ ಒಂದು.

ಕೊಪ್ಪ ಕೃಷಿಕ: ಲೀಟರ್ ಪೆಟ್ರೋಲಿಗೆ ಎಷ್ಟು 2ಟಿ (ಟೂ ಸ್ಟ್ರೋಕ್ ಆಯಿಲ್) ಹಾಕಬೇಕು ಸರ್?

ಮೆಕ್ಯಾನಿಕ್: ನಿಮ್ಮ ಮಷಿನ್ ಪುಸ್ತಕದಲ್ಲಿ ಹೇಳಿದಷ್ಟು. 1:25 ಇದ್ದರೆ 40 ಮಿಲಿ, 1:40 ಇದ್ದರೆ 25, 1:50 ಇದ್ದರೆ 20.

ಶಿರಸಿ ಹೆಗಡೆ: ಹೋಂಡಾ ಜಿಎಕ್ಸ್35, ಫೋರ್ ಸ್ಟ್ರೋಕ್. ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ. ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಬದಲಿಸಿ ಎನ್ನುತ್ತಿದ್ದಾರೆ.

ಮೆಕ್ಯಾನಿಕ್: ಅದು ಹಿಡಿಯುವುದೇ 100 ಮಿಲಿ ಆಯಿಲ್. ಓರೆ ಹಿಡಿದು ಜಾಸ್ತಿ ಹೊಯ್ದಿದ್ದೀರಿ ಅನ್ನಿಸುತ್ತದೆ. ಏರ್ ಫಿಲ್ಟರ್ ತೆಗೆದು ನೋಡಿ, ಆಯಿಲಿನಲ್ಲಿ ತೊಯ್ದಿದ್ದರೆ ರಿಂಗಿನ ಮಾತೇ ಬೇಡ. ಎಲ್ಲ ಬಸಿದು, ಮಷಿನ್ ಸಮ ಇಟ್ಟು, ಹೊಸದಾಗಿ 100 ಮಿಲಿ ಹಾಕಿ. ಫಿಲ್ಟರ್ ತೊಳೆಯಿರಿ.

ಸಾಗರ ತೋಟ: ಫೋಟೋ ಹಾಕಿದ್ದೇನೆ ಅಣ್ಣ. ಪೆಟ್ರೋಲ್ ಮೇ ತಿಂಗಳಲ್ಲಿ ತಂದು ಆಗಲೇ ಆಯಿಲ್ ಬೆರೆಸಿ ಕೊಟ್ಟಿಗೆಯಲ್ಲಿ ಇಟ್ಟಿದ್ದು. ಕ್ಯಾನಿನ ಮುಚ್ಚಳ ಸ್ವಲ್ಪ ಸಡಿಲ.

ಮೆಕ್ಯಾನಿಕ್: ನೋಡಿದೆ. ಸೈಲೆನ್ಸರ್ ಕಡೆ ಮಾತ್ರ ಉದ್ದುದ್ದ ಗೀರು, ಕಾರ್ಬೊರೇಟರ್ ಕಡೆ ಪಿಸ್ಟನ್ ಚೆನ್ನಾಗಿದೆ. ಆ ಕಡೆ ಮಂಕಾಗಿ ಉಜ್ಜಿದಂತೆ ಇದ್ದಿದ್ದರೆ ದೂಳು ಎನ್ನುತ್ತಿದ್ದೆ. ನಿಮ್ಮ ಎಂಜಿನ್ ಸವೆದು ಹೋಗಿಲ್ಲ, ಆಯಿಲ್ ಸಿಗದೆ ಹೋಗಿದೆ. ಅಳತೆ ಮಾಡಿ ಹಾಕಿದ್ದೇವೆ ಎನ್ನುತ್ತೀರಿ. ನಂಬುತ್ತೇನೆ.

ಈಗ ಬಂಕಿನಲ್ಲಿ ಸಿಗುವುದು ಇ20, ನೂರಕ್ಕೆ 20 ಭಾಗ ಎಥೆನಾಲ್. ಅದು ನೀರನ್ನು ಎಳೆದುಕೊಳ್ಳುತ್ತದೆ. ಲೀಟರಿಗೆ ಎರಡು-ಮೂರು ಚಮಚ ನೀರು ಸೇರಿದರೂ ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿದುಬಿಡಬಹುದು. ಕೊಟ್ಟಿಗೆ ಸೋರಿದರೆ ಸಡಿಲ ಮುಚ್ಚಳದಲ್ಲಿ ಅಷ್ಟು ನೀರು ಹೋಗುವುದು ದೊಡ್ಡ ವಿಷಯವಲ್ಲ. 2ಟಿ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಒಳಗಿನ ಫಿಲ್ಟರ್ ಎಲ್ಲಿ ಮಲಗಿರುತ್ತದೆ ಹೇಳಿ? ತಳದಲ್ಲಿ. ಎಂಜಿನ್ ಮೊದಲು ಕುಡಿಯುವುದೇ ಆಯಿಲ್ ಇಲ್ಲದ ಭಾಗವನ್ನು.

ಉಳಿದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಾಕಿ ಒಂದು ಗಂಟೆ ಅಲ್ಲಾಡಿಸದೆ ಇಡಿ. ಎರಡು ಪದರ ಕಂಡರೆ ಕಾರಣ ಸಿಕ್ಕಿತು. ಕಾಣದಿದ್ದರೆ ನನ್ನ ಎರಡನೇ ಅನುಮಾನ ಗಾಳಿ. ಕಾರ್ಬೊರೇಟರ್ ಮತ್ತು ಬೋರಿನ ನಡುವಿನ ಗ್ಯಾಸ್ಕೆಟ್ ಬಿಟ್ಟರೆ ಅಥವಾ ಕ್ರ್ಯಾಂಕ್ ಸೀಲ್ ಹೋದರೆ ಗಾಳಿ ಜಾಸ್ತಿ ಒಳಗೆ ಹೋಗುತ್ತದೆ. ಪೆಟ್ರೋಲ್ ಕಡಿಮೆಯಾದರೆ ಆಯಿಲ್ಲೂ ಕಡಿಮೆ. ಹೊಸ ಎಂಜಿನ್ನಿಗೆ ಹಳೇ ಕಾರ್ಬೊರೇಟರ್, ಹಳೇ ಗ್ಯಾಸ್ಕೆಟ್ ಕೂರಿಸಿದ್ದರಾ ಎಂದು ಅಂಗಡಿಯಲ್ಲಿ ಕೇಳಿ.

ಆಮೇಲೆ ಬೋರ್ ಬಿಚ್ಚಿಸಿ, ಪಿಸ್ಟನ್ ಕೆಳಗಿನ ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ-ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ. ಮೇಲೆ-ಕೆಳಗೆ ಆಡಬಾರದು. ಆಡದಿದ್ದರೆ ಬೋರ್-ಪಿಸ್ಟನ್ ಸೆಟ್ ಸಾಕು. ಆಡಿದರೆ ಮಾತ್ರ ಪೂರ್ತಿ ಎಂಜಿನ್. ಏನೇ ಹಾಕಿಸಿದರೂ ಆ ಕ್ಯಾನಿನ ಪೆಟ್ರೋಲ್ ಅದಕ್ಕೆ ಹಾಕಬೇಡಿ.

ಹೊಸನಗರ ಗೆಳೆಯ: ಬಂದಿದ್ದು ಹಾಕಿದ್ದೇನೆ, ಎಲ್ಲರಿಗೂ ಉಪಯೋಗ ಆಗಲಿ. "2ಟಿ ಬದಲು ಕೊಬ್ಬರಿ ಎಣ್ಣೆ, ಜೊತೆಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿ. ಎಂಜಿನ್ ತಂಪು, ಆಯಸ್ಸು ಡಬಲ್. ಸೀಜ್ ಆಗಿದ್ದರೆ ರಾತ್ರಿ ಡೀಸೆಲ್ ಬಿಟ್ಟು ಬೆಳಿಗ್ಗೆ ಹಗ್ಗ ಎಳೆಯಿರಿ."

ಮೆಕ್ಯಾನಿಕ್: ಬೇಡ. ಸೀಮೆಎಣ್ಣೆ ಹಾಕಿದರೆ ಎಂಜಿನ್ ನಾಕ್ ಹೊಡೆದು (ಒಳಗೆ ಬಡಿದಂತೆ ಸದ್ದು ಮಾಡಿ) ಇನ್ನೂ ಬಿಸಿಯಾಗುತ್ತದೆ. ಕೊಬ್ಬರಿ ಎಣ್ಣೆ ತಲೆಗೆ ಹಚ್ಚಿಕೊಳ್ಳಿ. ಡೀಸೆಲ್ ಬಿಟ್ಟರೆ ಎಂಜಿನ್ ತಿರುಗಬಹುದು, ಬೋರಿಗೆ ಅಂಟಿದ ಪಿಸ್ಟನ್ ಲೋಹ ಎಲ್ಲಿಗೆ ಹೋಗುತ್ತದೆ? ಇದನ್ನು ಬರೆದವರು ಒಂದು ಎಂಜಿನ್ನನ್ನಾದರೂ ಬಿಚ್ಚಿದ್ದಾರಾ?

ಹೊಸನಗರ ಗೆಳೆಯ: ಒಳ್ಳೆಯದಕ್ಕೇ ಹಾಕಿದ್ದು ಮಾರಾಯ್ರೆ. ಬಯ್ಯಬೇಕಾ?

ಯಲ್ಲಾಪುರ: ನನ್ನ 43 ಸಿಸಿ ಟೂ ಸ್ಟ್ರೋಕ್ ದಂಡಿಗೆ ಫೋರ್ ಸ್ಟ್ರೋಕ್ ಎಂಜಿನ್ ಕೂರುತ್ತದಾ?

ಮೆಕ್ಯಾನಿಕ್: ಕೂರಬಹುದು. ಪೈಪ್ 26 ಎಂಎಂ ಇದೆಯಾ 28 ಇದೆಯಾ, ಕ್ಲಚ್ ಡ್ರಮ್ 76 ಇದೆಯಾ 78 ಇದೆಯಾ, ಶಾಫ್ಟಿನ ಹಲ್ಲು 7 ಇವೆಯಾ 9 ಇವೆಯಾ. ಅಳೆದು ಎಂಜಿನ್ ಕೊಳ್ಳಿ. ಕೊಂಡು ಅಳೆಯಬೇಡಿ.

ಶೃಂಗೇರಿ ಭಟ್: ಫೋರ್ ಸ್ಟ್ರೋಕ್ ಯಾಕೆ ಸ್ವಾಮಿ? ನಮ್ಮ ಗುಡ್ಡದ ಹುಲ್ಲಿಗೆ ಟೂ ಸ್ಟ್ರೋಕೇ ಸೈ. ಹಗುರ, ಎಳೆತ ಜಾಸ್ತಿ.

ಯಲ್ಲಾಪುರ: ಆಯಿಲ್ ಬೆರೆಸುವ ಗೋಳು ಯಾರಿಗೆ ಬೇಕು? ಹೊಗೆ ಬೇರೆ.

ಶೃಂಗೇರಿ ಭಟ್: ಆಯಿಲ್ ಅಳೆಯಲು ಬಾರದವರು ಕತ್ತಿ ಹಿಡಿಯಲಿ.

ಯಲ್ಲಾಪುರ: ನೀವು ಟೂ ಸ್ಟ್ರೋಕ್ ಮಾರುವವರು ಅಲ್ವಾ? ಹೋದ ತಿಂಗಳು ಇಲ್ಲೇ ಜಾಹೀರಾತು ಹಾಕಿದ್ದಿರಿ.

ಶೃಂಗೇರಿ ಭಟ್: ತಮ್ಮನ ಅಂಗಡಿ ಅದು. ನನ್ನ ಮಾತಿಗೂ ಅದಕ್ಕೂ ಏನು ಸಂಬಂಧ?

ಚಿಕ್ಕಮಗಳೂರು ಎಸ್ಟೇಟ್: ಬ್ಯಾಟರಿ ಮಷಿನ್ ಬಗ್ಗೆ ಯಾರಾದರೂ ಹೇಳಿ.

ಸೊರಬ ಯುವಕ: ಅಣ್ಣ, ಹೊಸ ಎಂಜಿನ್ ಬಲ ಸಖತ್ ಇದೆ. ಗಾರ್ಡ್ ತೆಗೆದು ಬ್ಲೇಡಿನ ಜಾಗಕ್ಕೆ ಬೈಕ್ ಚೈನ್ ತುಂಡು ಕಟ್ಟಿದೆ. ಲಂಟಾನ ಎಲ್ಲ ಪುಡಿಪುಡಿ.

ಮೆಕ್ಯಾನಿಕ್: ಈಗಲೇ ಬಿಚ್ಚಿ. ಕೊಂಡಿ ತುಂಡಾದರೆ ಗುಂಡಿನಂತೆ ಹಾರುತ್ತದೆ. ನಿಮಗೇ ಬಡಿಯಬೇಕೆಂದಿಲ್ಲ, ಪಕ್ಕದಲ್ಲಿ ಹುಲ್ಲು ರಾಶಿ ಮಾಡುವವರಿಗೆ ಬಡಿಯುತ್ತದೆ. ಗಾರ್ಡ್ ಹಾಕದೆ ನನ್ನ ಅಂಗಡಿಗೆ ತಂದರೆ ನಾನು ಮುಟ್ಟುವುದಿಲ್ಲ.

ಸೊರಬ ಯುವಕ: ವಿಡಿಯೋದಲ್ಲಿ ಎಲ್ಲರೂ ಮಾಡುತ್ತಾರಲ್ಲ.

ಸಾಗರ ತೋಟ: ಅಣ್ಣ, ಬಾಟಲಿಯಲ್ಲಿ ಎರಡು ಪದರ! ತಳದಲ್ಲಿ ಎರಡು ಬೆರಳಷ್ಟು ಬೇರೆ ಬಣ್ಣ.

ಮೆಕ್ಯಾನಿಕ್: ಹಾಗಾದರೆ ಅದೇ. ಟ್ಯಾಂಕ್ ತೊಳೆದು ಒಣಗಿಸಿ, ಒಳಗಿನ ಫಿಲ್ಟರ್ ಮತ್ತು ಪೆಟ್ರೋಲ್ ಪೈಪ್ ಬದಲಿಸಿ, ಕಾರ್ಬೊರೇಟರ್ ಒಳಗಿನ ತೆಳು ಹಾಳೆ, ಡಯಾಫ್ರಮ್, ಗಟ್ಟಿಯಾಗಿದೆಯಾ ನೋಡಿಸಿ. ಇನ್ನು ಮುಂದೆ ವಾರಕ್ಕೆ ಆಗುವಷ್ಟೇ ಬೆರೆಸಿ. ಕೆಲಸ ನಿಲ್ಲಿಸುವಾಗ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ. ರಾಡ್ ನೋಡಿ ತಿಳಿಸಿ.

ಹೊಸನಗರ ಗೆಳೆಯ: ಎಥೆನಾಲ್ ತೆಗೆಯುವ ಪುಡಿ ಬಂದಿದೆಯಂತೆ, ಲಿಂಕ್ ಹಾಕಲಾ?

ಮೆಕ್ಯಾನಿಕ್: ಅಡ್ಮಿನ್, ಇವರನ್ನು ಸ್ವಲ್ಪ ನೋಡಿಕೊಳ್ಳಿ.

ಶೃಂಗೇರಿ ಭಟ್: ಯಲ್ಲಾಪುರದವರು ಕ್ಷಮೆ ಕೇಳುವವರೆಗೆ ನಾನು ಬಿಡುವುದಿಲ್ಲ.

ಭದ್ರಾವತಿ: ಪವರ್ ಟಿಲ್ಲರ್ ಕ್ಲಚ್ ಜಾರುತ್ತದೆ. ಇಲ್ಲಿ ಕೇಳಬಹುದಾ?

ಕಳಸ ತೋಟ: ಸರ್, ಒಂದು ಲೀಟರಿಗೆ ಆಯಿಲ್ ಎಷ್ಟು?

ಮೆಕ್ಯಾನಿಕ್: ಮೇಲೆ ಇದೆ. ನಾನು ಊಟಕ್ಕೆ ಹೊರಟೆ.