ಜೆಕ್ ಜನಪದ ಕಥೆಗಳಲ್ಲಿ ಹೊಸ ಕಥೆಗೆ ಎಳೆ ಹುಡುಕಿದವರು ಇದ್ದೀರಾ?

ಪ್ರಶ್ನೆ: ಮಕ್ಕಳಿಗಾಗಿ ಬರೆಯುತ್ತೇನೆ. ಜೆಕ್ ಕಥೆಗಳಿಂದ ಎಳೆ ತೆಗೆದವರು ಎಲ್ಲಿಂದ ಶುರು ಮಾಡಿದಿರಿ?

ಕೆರೆಯೇರಿ: ನಾನು ನೀರಿನ ಭೂತ ವೊದ್ನಿಕ್‌ನನ್ನು ಹಿಡಿದೆ. ಅವನ ಹಸಿರು ಕೋಟಿನ ಅಂಚಿಂದ ಸದಾ ನೀರು ತೊಟ್ಟಿಕ್ಕುತ್ತದೆ, ಮುಳುಗಿದವರ ಆತ್ಮಗಳನ್ನು ಬೋರಲು ಹಾಕಿದ ಕುಡಿಕೆಗಳಡಿ ಇಟ್ಟಿರುತ್ತಾನೆ. ಒಂದು ಆತ್ಮ ಬಿಡುಗಡೆಯಾಗಿ ಮನೆಗೆ ಹೋದರೆ, ಹೆಂಡತಿ ಅಷ್ಟರಲ್ಲಿ ಬೇರೆ ಮದುವೆಯಾಗಿದ್ದರೆ? ಅದೇ ನನ್ನ ಕಥೆ. ಇದಕ್ಕಾಗಿ ತರಿಸಿದ ಜೆಕ್ ನಿಘಂಟಿನ ದುಡ್ಡು, ವಿದೇಶಿ ಅಂಚೆ, ಮೇಲೆ ಕಸ್ಟಮ್ಸ್ ಸುಂಕ, ಎಲ್ಲಾ ಕೈಯಿಂದ ಹೋಯಿತು. ಒಂದು ಪತ್ರಿಕೆ ಮಳೆಗಾಲದಲ್ಲಿ ಕಥೆ ತೆಗೆದುಕೊಂಡು ಬೇಸಿಗೆಯಲ್ಲಿ ಉತ್ತರ ಕೊಟ್ಟಿತು: ‘ನಮ್ಮ ಮಣ್ಣಿನದು ಬೇಕು’. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಕಥೆ ಮಾತ್ರ ಚೆನ್ನಾಗಿದೆ.

ಮಧ್ಯಾಹ್ನ: ಕೋಟು, ಕುಡಿಕೆ ಎತ್ತಿಕೊಂಡರೆ ಬರೀ ಅಲಂಕಾರವಾಗುತ್ತದೆ ರೀ. ಜೆಕ್ ಕವಿ ಕಾರೆಲ್ ಯಾರೊಮಿರ್ ಎರ್ಬೆನ್ ಅವರ 1853ರ ಕವನ ಸಂಕಲನದಲ್ಲಿ ನಡುಹಗಲ ಮಾಟಗಾತಿ ಪೊಲೆದ್ನಿಟ್ಸೆ ಇದ್ದಾಳೆ. ತಾಯಿಗೆ ಅಡುಗೆಯ ಅವಸರ, ಮಗು ಅಳುತ್ತಿದೆ. ಹುಂಜ, ಗಾಡಿ, ಸಿಪಾಯಿ ಆಟಿಕೆಗಳನ್ನು ಮೂಲೆಗೆ ಎಸೆಯುತ್ತದೆ. ‘ಬಂದು ಹೊತ್ಕೊಂಡು ಹೋಗು’ ಅಂತ ತಾಯಿ ಪೊಲೆದ್ನಿಟ್ಸೆಯನ್ನು ಕರೆದುಬಿಡುತ್ತಾಳೆ. ಅಪ್ಪ ಊಟಕ್ಕೆ ಬರುವಾಗ ತಾಯಿ ಮೂರ್ಛೆಯಲ್ಲಿದ್ದಾಳೆ, ಮಗು ಅವಳ ತೋಳಲ್ಲೇ ಉಸಿರು ಕಟ್ಟಿ ಸತ್ತಿದೆ. ನಾನು ಅಪ್ಪ ಬಾಗಿಲು ತೆರೆಯುವಲ್ಲಿಂದ ಶುರು ಮಾಡಿದೆ. ಅವಳ ಮಾತನ್ನು ಊರವರು ನಂಬುತ್ತಾರಾ? ಭೂತಕ್ಕಿಂತ ಈ ಪ್ರಶ್ನೆ ದೊಡ್ಡದು.

ಕೆರೆಯೇರಿ: ಅಲಂಕಾರವಾ? ಕುಡಿಕೆ ತೆಗೆದರೆ ನನ್ನ ಕಥೆಯೇ ನಿಲ್ಲುವುದಿಲ್ಲ ಮೇಡಂ. ಓದದೆ ತೀರ್ಪು ಕೊಡಬೇಡಿ. ಅಷ್ಟಕ್ಕೂ ಅವರು ಕೇಳಿದ್ದು ಮಕ್ಕಳ ಕಥೆಗೆ. ಸತ್ತ ಮಗುವನ್ನು ಕೊಡುತ್ತೀರಾ?

ಮಧ್ಯಾಹ್ನ: ಮುಳುಗಿ ಸತ್ತವನ ಹೆಂಡತಿಯ ಎರಡನೇ ಮದುವೆ ಮಕ್ಕಳಿಗಾ?

ಹಿಮಗುಡ್ಡ: ಹನ್ನೆರಡು ತಿಂಗಳ ಕಥೆ ಓದಿ. ಚಳಿಗಾಲದಲ್ಲಿ ಮಲತಾಯಿ ಮಾರುಷ್ಕಾಳನ್ನು ನೇರಳೆ ಹೂ ತರಲು ಅಟ್ಟುತ್ತಾಳೆ. ಗುಡ್ಡದ ಮೇಲೆ ಬೆಂಕಿ ಸುತ್ತ ಹನ್ನೆರಡು ಜನ. ಜನವರಿ ತನ್ನ ಕೋಲನ್ನು ಮಾರ್ಚ್ ಕೈಗೆ ಕೊಟ್ಟ ಕೂಡಲೇ ಹಿಮ ಕರಗಿ ಹೂ ಅರಳುತ್ತದೆ. ನನ್ನ ಕಥೆಯಲ್ಲಿ ಮಾರ್ಚ್ ಕೋಲನ್ನು ವಾಪಸ್ ಕೊಡುವುದೇ ಇಲ್ಲ! ನಮ್ಮ ಶಾಲೆ ಮಕ್ಕಳು ಅದನ್ನು ನಾಟಕ ಆಡಿದರು.

ಮಧ್ಯಾಹ್ನ: ಅದು ಸ್ಲೊವಾಕ್ ಕಥೆ. ಬೊಝೆನಾ ನ್ಯೆಮ್ಟ್ಸೊವಾ 1857–58ರಲ್ಲಿ ತಂದ ಸ್ಲೊವಾಕ್ ಸಂಗ್ರಹದ್ದು. ಇಲ್ಲಿ ಕೇಳಿದ್ದು ಜೆಕ್.

ಹಿಮಗುಡ್ಡ: ಬರೆದವರು ಜೆಕ್ ಲೇಖಕಿ. ಅಲ್ಲಿನ ಮಕ್ಕಳು ತಮ್ಮದೇ ಅಂತ ಓದಿಕೊಂಡು ಬೆಳೆಯುತ್ತಾರೆ. ಹೀಗೆ ಬೇಲಿ ಹಾಕಿದರೆ ಯಾರ ಕಥೆ ಉಳಿಯುತ್ತದೆ?

ಕೆರೆಯೇರಿ: ಈ ಒಂದು ಮಾತಿಗೆ ನನ್ನ ಒಪ್ಪಿಗೆ ಇದೆ. ಆ ಪತ್ರಿಕೆಯವರಿಗೂ ಇದನ್ನೇ ಬರೆದಿದ್ದೆ.