ದುಡ್ಡು ಕೊಟ್ಟು ತಗೊಂಡ ಹಾಡುಗಳು ಎಂಪಿ3 ಆಗುತ್ತಿಲ್ಲ, ದಾರಿ ಇದೆಯಾ?

ಶಿಡ್ಲಘಟ್ಟದ ರೀಲರ್:

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದಲ್ಲಿ ನಮ್ಮದೊಂದು ಸಣ್ಣ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ ಇದೆ. ಬೆಳಗ್ಗೆ ಗೂಡು ಬೇಯಿಸಲು ಶುರು ಮಾಡಿದರೆ ಸಂಜೆವರೆಗೂ ಹೆಣ್ಣುಮಕ್ಕಳು ಬಿಸಿನೀರಿನ ಮುಂದೆಯೇ ಕೂತಿರುತ್ತಾರೆ. ಹಾಡು ಇದ್ದರೆ ಅವರಿಗೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಅದಕ್ಕೇ ಗೋಡೆಗೆ ಒಂದು ಸ್ಪೀಕರ್ ಹಾಕಿಸಿದ್ದೇನೆ. ಪೆನ್‌ಡ್ರೈವ್ ಹಾಕಿದರೆ ಹಾಡುತ್ತದೆ, ಆದರೆ ಎಂಪಿ3 ಬಿಟ್ಟು ಬೇರೇನೂ ಓದುವುದಿಲ್ಲ.

ನಮ್ಮಪ್ಪನಿಗೆ ತತ್ವಪದ, ಹರಿಕಥೆ ಅಂದರೆ ಪ್ರಾಣ. ಅವರಿಗೋಸ್ಕರ ಅಣ್ಣ ಹಿಂದೆ ಒಂದು ಆನ್‌ಲೈನ್ ಅಂಗಡಿಯಿಂದ ತುಂಬಾ ಹಾಡು ದುಡ್ಡು ಕೊಟ್ಟು ಇಳಿಸಿಕೊಟ್ಟಿದ್ದ. ಎಲ್ಲಾ ಡಬ್ಲ್ಯುಎಂಎ, ಅಂದರೆ ಮೈಕ್ರೋಸಾಫ್ಟ್ ಮಾದರಿಯ ಹಾಡಿನ ಫೈಲುಗಳು. ಆ ಅಂಗಡಿ ಈಗ ಮುಚ್ಚಿಹೋಗಿದೆ. ಹೊಸ ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಂಡರೆ ಓಡುವುದಿಲ್ಲ, ಕನ್ವರ್ಟರಿಗೆ ಹಾಕಿದರೆ ಪ್ರೊಟೆಕ್ಟೆಡ್ ಅಂತ ಬಂದು ನಿಲ್ಲುತ್ತದೆ. ಫೈಲಿನ ಹೆಸರಿನ ಕೊನೆಯಲ್ಲಿ ಎಂಪಿ3 ಅಂತ ಬದಲಾಯಿಸಿದರೂ ಪ್ರಯೋಜನ ಆಗಲಿಲ್ಲ. ಅಮೆರಿಕದಲ್ಲಿರುವ ಭಾವ ಕೊಟ್ಟ ಕೆಲವು ಎಂ4ಪಿ ಫೈಲುಗಳದ್ದೂ ಇದೇ ಕತೆ.

ಕದ್ದ ಹಾಡಲ್ಲ ಇವು. ಅಪ್ಪ ಈಗ ಘಟಕಕ್ಕೆ ಬಂದು ಕೂರುವುದೇ ಹಾಡು ಕೇಳುವುದಕ್ಕೆ. ಹೇಗಾದರೂ ಮಾಡಿ ಅವರಿಗೆ ಕೇಳಿಸಬೇಕು. ಹಳೇ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಿ ಮಕ್ಕಳಿಗೆ ಕೊಡೋಣ ಅಂತ ರಿಪೇರಿ ಅಂಗಡಿಗೆ ಕೊಟ್ಟಿದ್ದೇನೆ, ಅದರಲ್ಲೂ ಹಾಡುಗಳಿವೆ.

ಚಿಂತಾಮಣಿ ಕಂಪ್ಯೂಟರ್:

ಅಣ್ಣಾ, ಮೊದಲು ಆ ಅಂಗಡಿಗೆ ಫೋನ್ ಮಾಡಿ ಫಾರ್ಮ್ಯಾಟ್ ಮಾಡಬೇಡಿ ಅಂತ ಹೇಳಿ. ಉಳಿದದ್ದು ಆಮೇಲೆ ಓದಿ.

ನಿಮ್ಮ ಡಬ್ಲ್ಯುಎಂಎ ಹಾಡುಗಳಿಗೆ ನಕಲು ತಡೆಯಲು ಒಂದು ಬೀಗ ಹಾಕಿದ್ದಾರೆ, ಪ್ರೊಟೆಕ್ಟೆಡ್ ಅಂತ ಬರುವುದು ಅದಕ್ಕೇ. ಆ ಬೀಗದ ಕೀಲಿ ಹಾಡಿನ ಫೈಲಿನೊಳಗೆ ಇರುವುದಿಲ್ಲ. ಅದು ಲೈಸೆನ್ಸ್ ಅಂತ ಬೇರೆಯಾಗಿ, ಹಾಡು ಇಳಿಸಿಕೊಂಡ ಕಂಪ್ಯೂಟರಿನ ವಿಂಡೋಸ್‌ನಲ್ಲಿ ಕೂತಿರುತ್ತದೆ. ನೀವು ಲ್ಯಾಪ್‌ಟಾಪಿಗೆ ಫೈಲು ತಂದಿರಿ, ಲೈಸೆನ್ಸ್ ಬರಲಿಲ್ಲ. ಅಂಗಡಿಯ ಸರ್ವರ್ ಇದ್ದಿದ್ದರೆ ಹೊಸದಾಗಿ ಕೇಳಬಹುದಿತ್ತು. ಈಗ ಅದೂ ಇಲ್ಲ. ಹಳೇ ಕಂಪ್ಯೂಟರ್ ಫಾರ್ಮ್ಯಾಟ್ ಆದರೆ ಇರುವ ಒಂದೇ ಲೈಸೆನ್ಸೂ ಹೋಗುತ್ತದೆ.

ಅದನ್ನು ವಾಪಸ್ ತಂದು ವಿಂಡೋಸ್ ಮೀಡಿಯಾ ಪ್ಲೇಯರ್‌ನಲ್ಲಿ ಹಾಡು ಹಾಕಿ ನೋಡಿ. ಓಡಿದರೆ ಲೈಸೆನ್ಸ್ ಇದೆ ಅಂತ ಅರ್ಥ. ಫೈಲಿನ ಪ್ರಾಪರ್ಟೀಸ್‌ನಲ್ಲಿ ಏನೇನಕ್ಕೆ ಅನುಮತಿ ಇದೆ ಅಂತ ಬರೆದಿರುತ್ತದೆ. ಸಿಡಿ ಬರ್ನ್ ಮಾಡಲು, ಅಂದರೆ ಹಾಡನ್ನು ಖಾಲಿ ಸಿಡಿಗೆ ಬರೆಯಲು ಅನುಮತಿ ಇದ್ದರೆ ನಿಮ್ಮ ಕೆಲಸ ಆಯಿತು ಅಂತಲೇ ಅಂದುಕೊಳ್ಳಿ. ಆಡಿಯೋ ಸಿಡಿ ಅಂತಲೇ ಬರ್ನ್ ಮಾಡಿ. ಡೇಟಾ ಸಿಡಿ ಮಾಡಿದರೆ ಬೀಗ ಹಾಕಿದ ಫೈಲೇ ಸುಮ್ನೆ ಸಿಡಿಗೆ ಹೋಗುತ್ತದೆ. ಒಂದು ಸಿಡಿಗೆ ಸುಮಾರು 80 ನಿಮಿಷ ಹಿಡಿಯುತ್ತದೆ. ಆಮೇಲೆ ಅದೇ ಸಿಡಿಯಿಂದ ಎಂಪಿ3 ಆಗಿ ರಿಪ್ ಮಾಡಿಕೊಳ್ಳಿ, ಅಂದರೆ ವಾಪಸ್ ಕಂಪ್ಯೂಟರಿಗೆ ಫೈಲಾಗಿ ಇಳಿಸಿಕೊಳ್ಳಿ. ಸಿಡಿ-ಆರ್‌ಡಬ್ಲ್ಯು ತಗೊಂಡರೆ ಅಳಿಸಿ ಮತ್ತೆ ಬಳಸಬಹುದು.

ಗೌರಿಬಿದನೂರು ಮೇಡಂ:

ಎಂ4ಪಿ ಬಗ್ಗೆ ನಾನು ಹೇಳುತ್ತೇನೆ. ಅದು ಆ್ಯಪಲ್‌ನ ಐಟ್ಯೂನ್ಸ್ ಅಂಗಡಿಯ ಹಳೇ ಫೈಲು. 2009ರಲ್ಲಿ ಅವರು ಹಾಡುಗಳ ಮೇಲಿನ ಈ ಬೀಗವನ್ನು ತೆಗೆದರು. ಆಮೇಲೆ ಕೊಂಡವು ಎಂ4ಎ ಆಗಿರುತ್ತವೆ, ಅವನ್ನು ಯಾವ ಕನ್ವರ್ಟರ್ ಬೇಕಾದರೂ ತೆಗೆದುಕೊಳ್ಳುತ್ತದೆ. ಎಂ4ಪಿ ಮಾತ್ರ ಕೊಂಡವರ ಖಾತೆಗೆ ಅಂಟಿಕೊಂಡಿರುತ್ತದೆ. ಒಂದು ಖಾತೆಗೆ 5 ಕಂಪ್ಯೂಟರ್‌ವರೆಗೆ ಒಪ್ಪಿಗೆ ಕೊಡಬಹುದು. ನಿಮ್ಮ ಭಾವ ಊರಿಗೆ ಬಂದಾಗ ಅವರ ಕೈಯಲ್ಲೇ ಪಾಸ್‌ವರ್ಡ್ ಹಾಕಿಸಿ ನಿಮ್ಮ ಲ್ಯಾಪ್‌ಟಾಪಿಗೆ ಒಪ್ಪಿಗೆ ಕೊಡಿಸಿ. ಆಮೇಲೆ ಇದಕ್ಕೂ ಅದೇ ಆಡಿಯೋ ಸಿಡಿ ದಾರಿ. ಅದನ್ನು ಐಟ್ಯೂನ್ಸ್ ತಾನೇ ಬಿಡುತ್ತದೆ.

ಇನ್ನೊಂದು ಮಾತು. ಬೀಗ ಮುರಿಯುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ ಅಂತ ಯಾರಾದರೂ ಲಿಂಕ್ ಕಳಿಸಿದರೆ ಮುಟ್ಟಬೇಡಿ. ವೈರಸ್ ಕಾಟ ಒಂದು ಕಡೆ. 2012ರ ತಿದ್ದುಪಡಿಯಲ್ಲಿ ನಮ್ಮ ಕಾಪಿರೈಟ್ ಕಾಯ್ದೆಗೆ 65ಎ ಅಂತ ಕಲಂ ಸೇರಿದೆ. ಕಾಪಿರೈಟ್ ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. ನಿಮ್ಮ ಉದ್ದೇಶ ಅದಲ್ಲ, ನನಗೆ ಗೊತ್ತು. ಆದರೂ ಅನುಮತಿ ಇರುವ ದಾರಿಯೇ ಇದ್ದಾಗ ಆ ಗೋಜು ಯಾಕೆ?

ಶಿಡ್ಲಘಟ್ಟದ ರೀಲರ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರಿಪೇರಿ ಅಂಗಡಿಯವರು ಇನ್ನೂ ಕೈ ಹಾಕಿರಲಿಲ್ಲ. ಕಂಪ್ಯೂಟರ್ ಮನೆಗೆ ತಂದೆ. ತತ್ವಪದಗಳೆಲ್ಲಾ ಓಡುತ್ತಿವೆ, ಬರ್ನ್ ಮಾಡಲು ಅನುಮತಿಯೂ ಇದೆ. ಮೊದಲನೇ ಸಿಡಿ ಆಯಿತು. ಪೆನ್‌ಡ್ರೈವ್‌ಗೆ ಹಾಕಿ ಘಟಕದಲ್ಲಿ ಹಚ್ಚಿದಾಗ ಅಪ್ಪ ಮೊದಲ ಸಾಲಿಗೇ ದನಿ ಸೇರಿಸಿದರು. ನನಗೆ ಎಷ್ಟು ಸಂತೋಷ ಆಯಿತು ಅಂತ ಹೇಳಲಾರೆ.

ಎರಡು ತೊಂದರೆ ಉಳಿದಿವೆ. ಹಾಡಿನ ಹೆಸರೆಲ್ಲಾ ಹೋಗಿ ಟ್ರ್ಯಾಕ್ 1, ಟ್ರ್ಯಾಕ್ 2 ಅಂತ ಬರುತ್ತಿದೆ. ಹರಿಕಥೆಗಳಲ್ಲಿ ಕೆಲವು ಓಡುತ್ತವೆ, ಆದರೆ ಬರ್ನ್ ಮಾಡಲು ಬಿಡುತ್ತಿಲ್ಲ.

ಚಿಂತಾಮಣಿ ಕಂಪ್ಯೂಟರ್:

ಹೆಸರು ಕೈಯಲ್ಲೇ ಟೈಪ್ ಮಾಡಬೇಕು ಅಣ್ಣಾ. ಬರ್ನ್ ಮಾಡುವ ಮೊದಲು ಪಟ್ಟಿಯ ಫೋಟೋ ತೆಗೆದಿಟ್ಟುಕೊಳ್ಳಿ, ಅದೇ ಕ್ರಮದಲ್ಲಿ ಟ್ರ್ಯಾಕ್ ಬರುತ್ತವೆ. ರಿಪ್ ಮಾಡುವಾಗ ಧ್ವನಿಯ ಗುಣಮಟ್ಟ 192 ಕೆಬಿಪಿಎಸ್ ಇಡಿ. ಮೂಲಕ್ಕಿಂತ ಚೆನ್ನಾಗೇನೂ ಆಗುವುದಿಲ್ಲ, ಸ್ವಲ್ಪ ಕಮ್ಮಿಯೇ ಆಗುತ್ತದೆ. ಆದರೆ ಗೋಡೆ ಸ್ಪೀಕರಿನಲ್ಲಿ ಗೊತ್ತಾಗುವುದಿಲ್ಲ. ಪ್ಲೇಯರಿನ ಹಳೇ ಆವೃತ್ತಿಗಳಲ್ಲಿ ಕಾಪಿ ಪ್ರೊಟೆಕ್ಟ್ ಅಂತ ಒಂದು ಟಿಕ್ ಇರುತ್ತದೆ, ಅದನ್ನು ತೆಗೆಯಿರಿ. ಇಲ್ಲದಿದ್ದರೆ ಡಬ್ಲ್ಯುಎಂಎ ಆಗಿ ರಿಪ್ ಮಾಡಿದ ನಿಮ್ಮ ಸ್ವಂತ ಸಿಡಿಗೂ ಬೀಗ ಬೀಳುತ್ತದೆ.

ಬರ್ನ್ ಆಗದ ಹರಿಕಥೆಗಳಿಗೆ ಆ ಹಳೇ ಕಂಪ್ಯೂಟರನ್ನೇ ಘಟಕದಲ್ಲಿ ಇಡಿ. ಸ್ಪೀಕರಿಗೆ ಆಕ್ಸ್ ತೂತು ಇದ್ದರೆ ಒಂದು ವೈರ್ ಸಾಕು. ನೀರಿನ ಹಬೆ ತಾಗದ ಕಡೆ ಇಡಿ, ಇಂಟರ್ನೆಟ್ಟಿಗೆ ಸೇರಿಸಬೇಡಿ. ಮಕ್ಕಳಿಗೆ ಬೇರೆ ನೋಡೋಣ, ನನ್ನ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಇದೆ.