ಪ್ರತಿಕಾಯ ಬಂದಿದೆ ಎಂದರೆ ದೇಹ ಗೆದ್ದಂತಲ್ಲವೇ?

ಮಂಡಕ್ಕಿ ಭಟ್ಟಿ, ದಾವಣಗೆರೆ

ತಮ್ಮ ಲಾರಿ ಓಡಿಸುತ್ತಾನೆ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಬೇಡ ಎಂದಿದ್ದಾನೆ. ಎರಡು ತಿಂಗಳ ಹಿಂದೆ ನಿಲ್ಲದ ಭೇದಿ, ಬಾಯಿಯೊಳಗೆ ಮೊಸರು ಮೆತ್ತಿದಂತೆ ಬಿಳಿ ಪದರ. ಪರೀಕ್ಷೆ ಮಾಡಿಸಿದರೆ ಎಚ್‌ಐವಿ. ಸಿಡಿ4 ಎಣಿಕೆ 92. ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಶುರುವಾಗಿ ಐದು ವಾರವಾಯಿತು.

ನನ್ನ ತಲೆಗೆ ಹತ್ತದ ವಿಷಯವೊಂದಿದೆ. ವರದಿಯಲ್ಲಿ ಎಚ್‌ಐವಿ ಪ್ರತಿಕಾಯ ‘ರಿಯಾಕ್ಟಿವ್’ ಎಂದಿದೆ. ಕೊರೊನಾ ಕಾಲದಲ್ಲಿ ಮೈಯಲ್ಲಿ ಪ್ರತಿಕಾಯ ಬಂದಿದೆ ಎಂದು ಜನ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದರು. ಇಲ್ಲಿ ಅದೇ ಪ್ರತಿಕಾಯಕ್ಕೆ ಅವ್ವ ಮೂರು ದಿನ ಊಟ ಬಿಟ್ಟಳು. ಪ್ರತಿಕಾಯ ಎಂದರೆ ದೇಹ ಕಾದಾಡಿ ಗೆದ್ದ ಗುರುತು ತಾನೇ?

ಇನ್ನೊಂದು ಮಾತು. ಮಾತ್ರೆ ಶುರುವಾದ ಮೇಲೆ ಬಾಯಿ ವಾಸಿಯಾಯಿತು, ಅನ್ನ ಸೇರುತ್ತಿದೆ. ಆದರೆ ನಾಲ್ಕು ದಿನದಿಂದ ಕುತ್ತಿಗೆಯ ಎಡಕ್ಕೆ ನಿಂಬೆಹಣ್ಣಿನಷ್ಟು ಗಡ್ಡೆ, ಸಂಜೆಯಾದರೆ ಜ್ವರ. ‘ಇದು ಮಾತ್ರೆಯದ್ದೇ ಕೆಲಸ, ಬಿಟ್ಟುಬಿಡುತ್ತೇನೆ’ ಎಂದು ಹಟ ಹಿಡಿದಿದ್ದಾನೆ.

ಹಳೆಯ ಲ್ಯಾಬಿನವನು, ಚಿತ್ರದುರ್ಗ

ಎರಡನೆಯದಕ್ಕೆ ಮೊದಲು ಉತ್ತರ. ಮಾತ್ರೆ ಬಿಡುವುದು ಬೇಡ. ನಾಳೆ ಬೆಳಿಗ್ಗೆಯೇ ಎಆರ್‌ಟಿ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಗಡ್ಡೆ ಮತ್ತು ಜ್ವರ ಎರಡನ್ನೂ ಹೇಳಿ. ಏಕೆ ಎಂಬುದನ್ನು ಕೊನೆಯಲ್ಲಿ ಬರೆಯುತ್ತೇನೆ.

ನಾನು ವೈದ್ಯನಲ್ಲ. ಸಿಡಿ4 ಎಣಿಸುವ ಯಂತ್ರದ ಮುಂದೆ ಹನ್ನೊಂದು ವರ್ಷ ಕೂತವನು. ನೇರಳೆ ಮುಚ್ಚಳದ ಕೊಳವೆಯಲ್ಲಿ ರಕ್ತ ಬರುತ್ತಿತ್ತು. ಅದನ್ನು ಫ್ರಿಜ್‌ನಲ್ಲಿ ಇಡಬಾರದು, ನಮ್ಮೂರ ಏಪ್ರಿಲ್ ಬಿಸಿಲಿಗೂ ಬಿಡಬಾರದು. ಒಮ್ಮೆ ಹೊಸ ಹುಡುಗನೊಬ್ಬ ಬಲು ಕಾಳಜಿಯಿಂದ ಎಲ್ಲ ಕೊಳವೆಗಳನ್ನೂ ಫ್ರಿಜ್‌ಗೆ ಸೇರಿಸಿದ್ದ. ಅಷ್ಟೂ ಜನರನ್ನು ಮತ್ತೆ ಕರೆಸಿ ಸೂಜಿ ಚುಚ್ಚಬೇಕಾಯಿತು, ಬೈಗುಳ ತಿಂದವನು ನಾನು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಎಷ್ಟು ಸಿಡಿ4 ಕೋಶ ಎಂಬುದೇ ಆ ಸಂಖ್ಯೆ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 500ರಿಂದ 1500. ನಿಮ್ಮ ತಮ್ಮನದು 92.

ಈ ಸಿಡಿ4 ಯಾರು? ನಮ್ಮ ಕೋಟೆಯ ಕಥೆಯಲ್ಲಿ ಎಲ್ಲರೂ ಓಬವ್ವನ ಒನಕೆಯನ್ನು ನೆನೆಯುತ್ತಾರೆ, ಅವಳ ಗಂಡ ಮುದ್ದಹನುಮನ ಕಹಳೆಯನ್ನು ಮರೆಯುತ್ತಾರೆ. ಸಿಡಿ4 ಆ ಕಹಳೆಯವನು. ತಾನು ಹೊಡೆದಾಡುವುದು ಕಡಿಮೆ, ಊದಿ ಎಬ್ಬಿಸುವುದೇ ಕಸುಬು. ಅವನು ಊದಿದರೆ ಬಿ ಕೋಶಗಳು ಒಳ್ಳೆಯ ಪ್ರತಿಕಾಯ ಮಾಡುತ್ತವೆ, ಸೋಂಕಿತ ಕೋಶಗಳನ್ನು ಕೊಲ್ಲುವ ಸಿಡಿ8 ಕೋಶಗಳು ದಣಿಯದೆ ನಿಲ್ಲುತ್ತವೆ. ಎಚ್‌ಐವಿ ಬಂದು ಹಿಡಿಯುವುದು ಇವನನ್ನೇ.

ದೇಹ ಸುಮ್ಮನೆ ಕೂತಿರಲಿಲ್ಲ. ಸೋಂಕಾದ ಎರಡರಿಂದ ನಾಲ್ಕು ವಾರದಲ್ಲಿ ಅನೇಕರಿಗೆ ಜ್ವರ, ಗಂಟಲು ನೋವು, ಮೈಮೇಲೆ ಗಂಧೆ ಕಾಣಿಸಿಕೊಳ್ಳುತ್ತದೆ. ವೈರಲ್ ಜ್ವರ ಎಂದು ಎರಡು ಪ್ಯಾರಾಸಿಟಮಾಲ್ ನುಂಗಿ ಮರೆಯುತ್ತಾರೆ. ಆ ದಿನಗಳಲ್ಲೇ ಕರುಳಿನ ಗೋಡೆಯಲ್ಲಿದ್ದ ಸಿಡಿ4 ಕೋಶಗಳ ಬಹುಪಾಲು ನಾಶವಾಗಿರುತ್ತದೆ. ಆಗ ಸಿಡಿ8 ಕೋಶಗಳು ನುಗ್ಗಿ, ಉಕ್ಕುತ್ತಿದ್ದ ವೈರಾಣುವನ್ನು ಕೆಳಕ್ಕೆ ತರುತ್ತವೆ. ಮಾತ್ರೆಯಿಲ್ಲದೆ, ಬರೀ ಮೈಯ ಬಲದಿಂದ! ಆ ಬಲದಲ್ಲೇ ಎಷ್ಟೋ ಜನ ಎಂಟು ಹತ್ತು ವರ್ಷ ಏನೂ ಆಗದವರಂತೆ ಓಡಾಡುತ್ತಾರೆ. ನಿಮ್ಮ ತಮ್ಮನೂ ಹಾಗೆಯೇ ಲಾರಿ ಓಡಿಸಿರಬೇಕು.

ಗೆಲುವು ಮಾತ್ರ ಸಿಗುವುದಿಲ್ಲ. ಈ ವೈರಾಣು ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲು ಮಾಡುವಾಗ ತಪ್ಪು ತಿದ್ದುವ ಗೋಜಿಗೆ ಹೋಗುವುದಿಲ್ಲ. ಚಿಕಿತ್ಸೆಯಿಲ್ಲದ ದೇಹದಲ್ಲಿ ದಿನಕ್ಕೆ ನೂರಾರು ಕೋಟಿ ಹೊಸ ವೈರಾಣು ಹುಟ್ಟುತ್ತವೆ, ಪ್ರತಿ ಪೀಳಿಗೆಯಲ್ಲೂ ಒಂದಿಷ್ಟು ತಪ್ಪು. ಪ್ರತಿಕಾಯ ಸಿದ್ಧವಾಗುವಷ್ಟರಲ್ಲಿ ಹೊರಗವಚದ ಚಹರೆ ಬದಲಾಗಿರುತ್ತದೆ. ಜೊತೆಗೆ ಆ ಕವಚಕ್ಕೆ ನಮ್ಮದೇ ಕೋಶದ ಸಕ್ಕರೆಯ ಲೇಪ, ಪ್ರತಿಕಾಯಕ್ಕೆ ಹಿಡಿಯಲು ಜಾಗವೇ ಕಡಿಮೆ. ಆದ್ದರಿಂದ ನಿಮ್ಮ ವರದಿಯ ಪ್ರತಿಕಾಯ ಕಳ್ಳನ ಹಳೆಯ ಫೋಟೊ. ಕಳ್ಳ ಬಂದದ್ದು ನಿಜ ಎನ್ನುತ್ತದೆ, ಹಿಡಿದುಕೊಡುವುದಿಲ್ಲ. ಪರೀಕ್ಷೆಗೆ ಅಷ್ಟು ಸಾಕು.

ನನಗೆ ತುಂಬ ಸಂಕಟವಾಗುವುದು ಮುಂದಿನದಕ್ಕೆ. ಲಿಂಫ್ ಗ್ರಂಥಿಗಳಲ್ಲಿ ಸಾಯುವ ಸಿಡಿ4ಗಳಲ್ಲಿ ಹೆಚ್ಚಿನವನ್ನು ವೈರಾಣು ನೇರವಾಗಿ ಕೊಲ್ಲುವುದಿಲ್ಲ. ಅರ್ಧ ನುಸುಳಿದ ವೈರಾಣುವಿನ ತುಣುಕನ್ನು ಕಂಡ ಕೋಶ ತಾನೇ ಸ್ಫೋಟಿಸಿಕೊಂಡು ಸಾಯುತ್ತದೆ. ಆ ಸ್ಫೋಟದ ಉರಿಯೂತಕ್ಕೆ ಇನ್ನಷ್ಟು ಸಿಡಿ4ಗಳು ಓಡಿ ಬರುತ್ತವೆ, ಬಂದವೂ ಸಾಯುತ್ತವೆ. ಕೆಲವು ಮಾತ್ರ ವೈರಾಣುವಿನ ನಕಲನ್ನು ತಮ್ಮ ಡಿಎನ್‌ಎಯೊಳಗೆ ಸೇರಿಸಿಕೊಂಡು ತೆಪ್ಪಗೆ ಮಲಗುತ್ತವೆ. ಅವನ್ನು ಸಿಡಿ8 ಗುರುತಿಸಲಾರದು, ಮಾತ್ರೆಯೂ ಮುಟ್ಟಲಾರದು. ಮಾತ್ರೆ ಜೀವನಪೂರ್ತಿ ಎನ್ನುವುದು ಅದಕ್ಕೇ.

ಈಗ ಗಡ್ಡೆ. ಎಆರ್‌ಟಿ ಮಾತ್ರೆಯಲ್ಲಿರುವ ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ನಕಲು ಮಾಡುವುದನ್ನು ತಡೆಯುತ್ತವೆ, ಡಾಲುಟೆಗ್ರಾವಿರ್ ಡಿಎನ್‌ಎಯೊಳಗೆ ಸೇರುವುದನ್ನು ತಡೆಯುತ್ತದೆ. ವೈರಾಣು ಇಳಿಯುತ್ತಿದ್ದಂತೆ ಕಹಳೆಯವರು ಚೇತರಿಸಿಕೊಳ್ಳುತ್ತಾರೆ, ಮೈಯಲ್ಲಿ ಮೊದಲೇ ಅಡಗಿದ್ದ ರೋಗಾಣುವನ್ನು ಕಂಡು ಒಮ್ಮೆಲೇ ಊದುತ್ತಾರೆ, ಆ ಗಲಾಟೆಗೆ ಗಡ್ಡೆ, ಜ್ವರ ಏಳಬಹುದು. ಸಿಡಿ4 ನೂರಕ್ಕಿಂತ ಕೆಳಗಿದ್ದವರಲ್ಲಿ ಇದು ಹೆಚ್ಚು, ಅಡಗಿದ್ದದ್ದು ಬಹಳ ಸಲ ಕ್ಷಯ. ಗಡ್ಡೆ ಅದೇ ಇರಬಹುದು, ಬೇರೆಯೂ ಇರಬಹುದು. ಪರೀಕ್ಷೆಯಾಗದೆ ಹೇಳಲಾಗದು.

ಅಂದ ಹಾಗೆ, ತಮ್ಮನ ಹೆಂಡತಿಯ ಪರೀಕ್ಷೆ ಆಗಿದೆಯೇ?

ಅಮೃತಬಳ್ಳಿ

ರೋಗನಿರೋಧಕ ಶಕ್ತಿ ಕುಸಿದಿದೆ ಎಂದರೆ ಅದನ್ನು ಹೆಚ್ಚಿಸಬೇಕು, ಅಷ್ಟೇ. ಅಮೃತಬಳ್ಳಿ, ತುಳಸಿ, ಮೆಣಸಿನ ಕಷಾಯ ನಲವತ್ತೆಂಟು ದಿನ ಕೊಡಿ. ಇಷ್ಟು ಇಂಗ್ಲಿಷ್ ಮಾತ್ರೆ ಏಕೆ?

ಹಳೆಯ ಲ್ಯಾಬಿನವನು, ಚಿತ್ರದುರ್ಗ

ಕಷಾಯವನ್ನು ನಾನೂ ಕುಡಿಯುತ್ತೇನೆ, ನೆಗಡಿಗೆ. ಇಲ್ಲಿ ‘ಶಕ್ತಿ ಹೆಚ್ಚಿಸುವುದು’ ನೀವು ಅಂದುಕೊಂಡಷ್ಟು ಸರಳವಲ್ಲ. ವೈರಾಣು ಚೆನ್ನಾಗಿ ಬೆಳೆಯುವುದೇ ಎಚ್ಚೆತ್ತು ಕೆರಳಿದ ಸಿಡಿ4 ಕೋಶದಲ್ಲಿ. ಮೊದಲು ವೈರಾಣುವಿನ ಸಂತಾನ ನಿಲ್ಲಬೇಕು, ಸೈನ್ಯ ತಾನಾಗಿ ಬೆಳೆಯುತ್ತದೆ. ಮಾತ್ರೆಯ ಜಾಗದಲ್ಲಿ ಕಷಾಯ ಇಟ್ಟವರ ರಕ್ತ ನನ್ನ ಮೇಜಿಗೆ ಬಂದದ್ದುಂಟು. ಸಂಖ್ಯೆ ಬರೆಯಲು ಕೈ ಬರುತ್ತಿರಲಿಲ್ಲ.

ಹೊಳೆದಂಡೆ, ಹರಿಹರ

ಅಣ್ಣಾ, ನಾನು 2009ರಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಶುರುವಿನಲ್ಲಿ ಸಿಡಿ4 140. ಆಗ ಎಣಿಕೆ ಇಳಿಯುವವರೆಗೆ ಮಾತ್ರೆ ಕೊಡುತ್ತಿರಲಿಲ್ಲ, 2017ರಿಂದ ಎಣಿಕೆ ಎಷ್ಟಿದ್ದರೂ ಕೊಡುತ್ತಾರೆ. ಒಂದು ತಿಂಗಳಿಗೆ ಬೆನ್ನ ಮೇಲೆ ಸರ್ಪಸುತ್ತು ಎದ್ದಿತು. ಅತ್ತೆ ಹೇಳಿದರೆಂದು ಮಾತ್ರೆ ನಿಲ್ಲಿಸಿ, ಕೆಮ್ಮಣ್ಣು ಹಚ್ಚಿಕೊಂಡು ಹದಿನೈದು ದಿನ ಮಲಗಿದೆ. ಕೇಂದ್ರದ ಆಪ್ತಸಮಾಲೋಚಕಿ ಮನೆಗೆ ಫೋನ್ ಮಾಡಿ ಗದರಿಸಿ ಕರೆಸಿಕೊಂಡರು. ಅದೂ ಈ ಸೈನ್ಯ ಎಚ್ಚೆತ್ತ ಗಲಾಟೆಯೇ ಎಂದು ಅವರು ಹೇಳಿದ್ದು ನನಗೆ ಅರ್ಥವಾದದ್ದು ಇವತ್ತು, ಲ್ಯಾಬಿನವರು ಬರೆದದ್ದನ್ನು ಓದಿ.

ಈಗ ಸಿಡಿ4 610, ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಾಣುವಿನ ಪ್ರಮಾಣ, ‘ಪತ್ತೆಯಾಗಿಲ್ಲ’. ಅದು ಹಾಗೇ ಉಳಿದರೆ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ದಾಟುವುದಿಲ್ಲ. ಇದನ್ನು ನಿಮ್ಮ ಅವ್ವನಿಗೂ ಹೇಳಿ, ತಟ್ಟೆ ಲೋಟ ಬೇರೆ ಇಟ್ಟಿದ್ದರೆ ಒಳಗೆ ತರಲಿ.

ಮಂಡಕ್ಕಿ ಭಟ್ಟಿ, ದಾವಣಗೆರೆ

ಮೂರು ವಾರ ಬರೆಯಲಾಗಲಿಲ್ಲ. ಗಡ್ಡೆಗೆ ಸೂಜಿ ಹಾಕಿ ತೆಗೆದು ಕ್ಷಯ ಪತ್ತೆ ಮಾಡುವ ಸಿಬಿನ್ಯಾಟ್ ಪರೀಕ್ಷೆ ಮಾಡಿದರು. ಕ್ಷಯವೇ. ಆರು ತಿಂಗಳ ಔಷಧಿ. ಕ್ಷಯದ ರಿಫಾಂಪಿಸಿನ್ ಡಾಲುಟೆಗ್ರಾವಿರ್‌ನ ಬಲ ಕುಗ್ಗಿಸುತ್ತದಂತೆ, ಅದಕ್ಕೆ ರಾತ್ರಿಯ ಮಾತ್ರೆಯ ಜೊತೆಗೆ ಬೆಳಿಗ್ಗೆ ಡಾಲುಟೆಗ್ರಾವಿರ್ ಒಂದನ್ನೇ ಹೆಚ್ಚುವರಿ ಕೊಟ್ಟಿದ್ದಾರೆ. ಜ್ವರ ಇಳಿದಿದೆ. ಗಡ್ಡೆ ಈಗ ಅಡಿಕೆಯಷ್ಟು.

ತಮ್ಮನ ಹೆಂಡತಿಗೆ ನೆಗೆಟಿವ್. ಮೂರು ತಿಂಗಳಿಗೆ ಮತ್ತೊಮ್ಮೆ ಬರಲು ಹೇಳಿದ್ದಾರೆ. ತಟ್ಟೆಯ ಮಾತು ಹೇಗೆ ಗೊತ್ತಾಯಿತು ಅಕ್ಕಾ? ಹಿತ್ತಿಲ ಕಟ್ಟೆಯ ಮೇಲೆ ಬೇರೆ ಇಟ್ಟಿದ್ದಳು. ಒಳಗೆ ಬಂದಿದೆ.

ಲ್ಯಾಬಿನ ಯಜಮಾನರೇ, ನೀವು ಹೇಳಿದ ಮಲಗಿದ ಕೋಶ ನನಗೆ ಭಟ್ಟಿಯಲ್ಲಿ ಅರ್ಥವಾಯಿತು. ಕಾದ ಮರಳಿನಲ್ಲಿ ಎಲ್ಲ ಅಕ್ಕಿಯೂ ಅರಳುವುದಿಲ್ಲ, ಒಂದೆರಡು ಕಾಳು ತಳದಲ್ಲಿ ಉಳಿದು ಮುಂದಿನ ಸುತ್ತಿನಲ್ಲಿ ಟಪ್ಪೆಂದು ಹಾರುತ್ತವೆ. ತಮ್ಮನಿಗೆ ಹಾಗೇ ಹೇಳಿದೆ. ‘ಹಾಗಾದರೆ ಮರಳು ಕಾಯದಂತೆ ನೋಡಿಕೊಳ್ಳುವುದು ಮಾತ್ರೆಯೋ?’ ಎಂದು ಕೇಳಿದ. ಹೌದೋ ಅಲ್ಲವೋ ತಿಳಿಯದೆ ಹೌದು ಎಂದೆ.

ಹಳೆಯ ಲ್ಯಾಬಿನವನು, ಚಿತ್ರದುರ್ಗ

ಮುಕ್ಕಾಲು ಹೌದು. ಮಾತ್ರೆಯಿದ್ದರೂ ಒಂದೊಂದು ಕಾಳು ಹಾರುತ್ತದೆ. ಹಾರಿದ್ದು ಪಕ್ಕದ ಕೋಶಕ್ಕೆ ತಗುಲದಂತೆ ಮಾತ್ರೆ ತಡೆಯುತ್ತದೆ. ಆರನೇ ತಿಂಗಳಿಗೆ ವೈರಲ್ ಲೋಡ್ ಮಾಡುತ್ತಾರೆ, ಬಂದ ದಿನ ಇಲ್ಲಿ ಬರೆಯಿರಿ.